ಡೇರೆ ಬಿಚ್ಚುವ ಮೊದಲು: ಕೊನೆಗೊಳ್ಳಲಿರುವ ಸರ್ಕಸ್ ಪ್ರದರ್ಶನವನ್ನು ನೋಡಿ ಬರುವ ಬಗೆ

ಹದಿನೈದು, ಇಪ್ಪತ್ತು ವರ್ಷ ಊರೂರು ಸುತ್ತಿದ ಸರ್ಕಸ್ ಪ್ರದರ್ಶನವೊಂದು ಇಂಥ ತಿಂಗಳಿಗೆ ನಿಲ್ಲಲಿದೆ ಎಂಬ ಪ್ರಕಟಣೆ ಹೊರಬಿದ್ದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಕೊನೆಯ ರಾತ್ರಿಯ ಟಿಕೆಟ್ ಉಳಿದಿದೆಯೇ ಎಂದು ಹುಡುಕುವುದು. ಆ ಪ್ರದರ್ಶನವನ್ನು ಹಿಂದೆಂದೂ ನೋಡಿರದವರು ಈ ಕೆಲಸಕ್ಕೆ ಹೋಗಬಾರದು ಎಂಬುದು ನನ್ನ ಅಭಿಪ್ರಾಯ. ಕೊನೆಯ ರಾತ್ರಿ ಗ್ಯಾಲರಿಯನ್ನು ತುಂಬುವವರಲ್ಲಿ ಬಹುಪಾಲು ಜನ ಅದನ್ನು ಐದಾರು ಬಾರಿ ನೋಡಿದವರು, ಹಿಂದೆ ಅದರಲ್ಲಿ ದುಡಿದ ಕಲಾವಿದರು, ಅವರ ಮನೆಯವರು. ಕಸರತ್ತು ಶುರುವಾಗುವ ಮೊದಲೇ ಚಪ್ಪಾಳೆ ಬೀಳುತ್ತದೆ, ವಿದೂಷಕ ಬಾಯಿ ತೆರೆಯುವ ಮೊದಲೇ ನಗೆ ಏಳುತ್ತದೆ, ಕಣದಲ್ಲಿರುವವರ ಕಣ್ಣು ಒದ್ದೆಯಾಗಿರುತ್ತದೆ. ಹೊಸಬರಿಗೆ ಅದು ಪರಿಚಯವಿಲ್ಲದವರ ಮನೆಯ ಬೀಳ್ಕೊಡುಗೆಗೆ ಹೋಗಿ ಮೂಲೆಯಲ್ಲಿ ಕೂತಂತೆ. ಮೊದಲ ಸಲ ನೋಡುವವರಿಗೆ ಒದಗಬೇಕಾದದ್ದು ಮುಕ್ತಾಯಕ್ಕೆ ಕೆಲವು ವಾರ ಮುಂಚಿನ, ವಾರದ ನಡುವಿನ, ಯಾವ ವಿಶೇಷವೂ ಇಲ್ಲದ ಒಂದು ಸಂಜೆ. ಅಂಥ ಸಂಜೆಯನ್ನು ಆರಿಸಿಕೊಂಡು, ಸರಿಯಾದ ಜಾಗದಲ್ಲಿ ಕೂತು, ನೋಡಬೇಕಾದ್ದನ್ನು ನೋಡಿ ಬರುವುದು ಹೇಗೆಂಬುದನ್ನು ಮುಂದೆ ವಿವರಿಸಿದ್ದೇನೆ.

ಮೊದಲನೆಯದು: ನಿಜಕ್ಕೂ ಮುಗಿಯುತ್ತಿರುವುದು ಏನು?

‘ಕೊನೆಯ ಅವಕಾಶ’ ಎಂಬ ಮಾತನ್ನು ಸರ್ಕಸ್ ಕಂಪನಿಗಳು ಹಲವು ಅರ್ಥಗಳಲ್ಲಿ ಬಳಸುತ್ತವೆ. ಪ್ರದರ್ಶನವು ನಿಮ್ಮ ಊರಿನಿಂದ ಹೊರಡುತ್ತಿರಬಹುದು, ಅಷ್ಟೇ. ಮುಂದಿನ ತಿಂಗಳು ಇನ್ನೊಂದು ಊರಿನಲ್ಲಿ ಅದೇ ಡೇರೆ ಎದ್ದಿರುತ್ತದೆ. ಅಥವಾ ಅದು ಡೇರೆಯನ್ನು ಬಿಟ್ಟು ಒಳಾಂಗಣ ಕ್ರೀಡಾಂಗಣಗಳಿಗೆ ಸ್ಥಳಾಂತರವಾಗುತ್ತಿರಬಹುದು. ಮೂರನೆಯ ಅರ್ಥದಲ್ಲಿ ಮಾತ್ರ ಅದು ಪೂರ್ತಿ ನಿಲ್ಲುತ್ತದೆ. ಈ ಮೂರರಲ್ಲಿ ಯಾವುದೆಂದು ತಿಳಿಯದೆ ಪ್ರಯಾಣದ ಯೋಜನೆ ಹಾಕುವುದು ವ್ಯರ್ಥ.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1984ರಲ್ಲಿ ಹುಟ್ಟಿದ ಸರ್ಕ್ ದು ಸೊಲೇ ಕಂಪನಿಯ ಹಳೆಯ ಪ್ರದರ್ಶನಗಳನ್ನು ಗಮನಿಸಿದರೆ ಈ ದಾರಿ ಸ್ಪಷ್ಟವಾಗುತ್ತದೆ. 1992ರಲ್ಲಿ ಆರಂಭವಾದ ‘ಸಾಲ್ಟಿಂಬ್ಯಾಂಕೋ’ 2007ರಲ್ಲಿ ಡೇರೆಯಿಂದ ಕ್ರೀಡಾಂಗಣಕ್ಕೆ ಬಂದು, 2012ರ ಡಿಸೆಂಬರಿನಲ್ಲಿ ತಾನು ಹುಟ್ಟಿದ ಮಾಂಟ್ರಿಯಲ್ ನಗರದಲ್ಲೇ ಕೊನೆಗೊಂಡಿತು. 1996ರಲ್ಲಿ ಶುರುವಾದ ‘ಕ್ವಿಡಾಮ್’ 2010ರ ಕೊನೆಯಲ್ಲಿ ಡೇರೆ ಬಿಟ್ಟು, 2016ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಮುಗಿಯಿತು. ಆ ಹೊತ್ತಿಗೆ ಅದಕ್ಕೆ ಇಪ್ಪತ್ತು ವರ್ಷ ತುಂಬುತ್ತಿತ್ತು. ಎಂದರೆ ದೀರ್ಘಕಾಲ ನಡೆದ ಪ್ರದರ್ಶನವು ಡೇರೆಯಿಂದ ಕ್ರೀಡಾಂಗಣಕ್ಕೆ ಬಂದಿದೆಯೆಂದರೆ ಅದು ತನ್ನ ಆಯುಸ್ಸಿನ ಉತ್ತರಾರ್ಧಕ್ಕೆ ಕಾಲಿಟ್ಟಿದೆ ಎಂದು ತಿಳಿಯಬಹುದು. ಆದರೆ ಆ ಉತ್ತರಾರ್ಧವೇ ಐದಾರು ವರ್ಷ ನಡೆಯಲೂಬಹುದು.

ಮುಗಿದದ್ದು ಮತ್ತೆ ಬರುವುದೂ ಉಂಟು. ‘ಅಲೆಗ್ರಿಯಾ’ 2013ರ ಡಿಸೆಂಬರಿನಲ್ಲಿ ಬೆಲ್ಜಿಯಮ್‌ನ ಆಂಟ್‌ವರ್ಪ್‌ನಲ್ಲಿ ವಿದಾಯ ಹೇಳಿ, 2019ರಲ್ಲಿ ಹೊಸ ವೇಷದಲ್ಲಿ ಡೇರೆಗೆ ಮರಳಿತು. ‘ಕೊರ್ಟೆಯೊ’ ತನ್ನ ಡೇರೆಯ ಪ್ರವಾಸವನ್ನು 2015ರಲ್ಲಿ ಮುಗಿಸಿ 2018ರಲ್ಲಿ ಕ್ರೀಡಾಂಗಣದ ಪ್ರದರ್ಶನವಾಗಿ ಮರುಹುಟ್ಟು ಪಡೆಯಿತು. ಅಮೆರಿಕದ ರಿಂಗ್ಲಿಂಗ್ ಬ್ರದರ್ಸ್ ಅಂಡ್ ಬಾರ್ನಮ್ ಅಂಡ್ ಬೇಲಿ ಸರ್ಕಸ್ಸು 2017ರ ಮೇ 21ರಂದು ನ್ಯೂಯಾರ್ಕ್ ಬಳಿಯ ಯೂನಿಯನ್‌ಡೇಲ್‌ನಲ್ಲಿ ಬಾಗಿಲು ಹಾಕಿ, 2023ರಲ್ಲಿ ಪ್ರಾಣಿಗಳಿಲ್ಲದ ಸರ್ಕಸ್ಸಾಗಿ ಮತ್ತೆ ಹೊರಟಿತು. ಆದರೂ ‘ಹೇಗೂ ಮತ್ತೆ ಬರುತ್ತದೆ’ ಎಂದು ಸುಮ್ಮನಿರುವುದು ಜಾಣತನವಲ್ಲ. ಮರಳಿ ಬಂದದ್ದು ಹಳೆಯದರ ಹೆಸರು ಮತ್ತು ಸಂಗೀತವನ್ನು ಹೊತ್ತ ಬೇರೊಂದು ಪ್ರದರ್ಶನವಾಗಿರುತ್ತದೆ. ಆನೆಗಳಿದ್ದ ರಿಂಗ್ಲಿಂಗ್ ಸರ್ಕಸ್ಸನ್ನು ನೋಡಬೇಕೆಂದಿದ್ದವರಿಗೆ 2016ರ ಮೇ ತಿಂಗಳಿಗೇ ಆ ಅವಕಾಶ ಮುಗಿದುಹೋಗಿತ್ತು, ಏಕೆಂದರೆ ಆನೆಗಳು ನಿವೃತ್ತಿಯಾದದ್ದು ಸರ್ಕಸ್ಸು ನಿಲ್ಲುವುದಕ್ಕೆ ಒಂದು ವರ್ಷ ಮೊದಲು.

ಎರಡನೆಯದು: ಊರು ಮತ್ತು ದಿನ

ಕಂಪನಿಯ ಅಧಿಕೃತ ತಾಣದಲ್ಲಿ ಉಳಿದಿರುವ ಊರುಗಳ ಪಟ್ಟಿಯನ್ನು ತೆಗೆದು, ಕೊನೆಯಿಂದ ಹಿಂದಕ್ಕೆ ಓದಿರಿ. ಕೊನೆಯ ಊರನ್ನು ಬಿಟ್ಟುಬಿಡಿ. ಅದರ ಹಿಂದಿನ ಎರಡು ಮೂರು ಊರುಗಳಲ್ಲಿ ನಿಮಗೆ ಸುಲಭವಾಗಿ ತಲುಪಬಹುದಾದದ್ದನ್ನು ಗುರುತು ಮಾಡಿಕೊಳ್ಳಿ. ಡೇರೆಯ ಪ್ರದರ್ಶನವು ಒಂದು ಊರಿನಲ್ಲಿ ವಾರಗಟ್ಟಲೆ ನಿಲ್ಲುತ್ತದೆ, ಆದ್ದರಿಂದ ಅಲ್ಲಿ ಒಂದು ದಿನ ತಪ್ಪಿದರೂ ಇನ್ನೊಂದು ದಿನ ಸಿಗುತ್ತದೆ. ಕ್ರೀಡಾಂಗಣದ ಪ್ರದರ್ಶನ ಹಾಗಲ್ಲ. ಅದು ಸಾಮಾನ್ಯವಾಗಿ ಕೆಲವೇ ದಿನ ಇದ್ದು, ಕೊನೆಯ ಚಪ್ಪಾಳೆ ಮುಗಿದ ಕೆಲವೇ ಗಂಟೆಗಳಲ್ಲಿ ಲಾರಿಗಳಿಗೆ ತುಂಬಿಕೊಂಡು ಮುಂದಿನ ಊರಿಗೆ ಹೊರಟಿರುತ್ತದೆ. ಪ್ರಯಾಣದಲ್ಲಿ ತಡವಾದರೆ ಹಿಂದೆ ಮುಂದೆ ಸರಿಯಲು ಅಲ್ಲಿ ಎಡೆಯಿಲ್ಲ.

ಒಂದೇ ಹೆಸರಿನ ಕಂಪನಿಗೆ ಎರಡು ತಂಡಗಳಿರಬಹುದೆಂಬುದನ್ನೂ ಮರೆಯಬಾರದು. ರಿಂಗ್ಲಿಂಗ್ ಸರ್ಕಸ್ಸಿನ ಎರಡು ತಂಡಗಳಲ್ಲಿ ಒಂದು 2017ರ ಮೇ 7ರಂದು ರೋಡ್ ಐಲೆಂಡ್‌ನ ಪ್ರಾವಿಡೆನ್ಸ್‌ನಲ್ಲಿ ಮುಗಿಯಿತು; ಇನ್ನೊಂದು ಎರಡು ವಾರ ಹೆಚ್ಚು ನಡೆಯಿತು. ಪತ್ರಿಕೆಯಲ್ಲಿ ಓದಿದ ‘ಕೊನೆಯ ದಿನಾಂಕ’ ನೀವು ನೋಡಬೇಕೆಂದಿರುವ ತಂಡದ್ದೇ ಹೌದೇ ಎಂದು ಖಚಿತಪಡಿಸಿಕೊಳ್ಳುವುದು ಎರಡು ನಿಮಿಷದ ಕೆಲಸ.

ದಿನದ ವಿಷಯಕ್ಕೆ ಬಂದರೆ, ದೊಡ್ಡ ಪ್ರವಾಸಿ ಸರ್ಕಸ್ಸುಗಳು ವಾರದಲ್ಲಿ ಒಂದು ದಿನ, ಹೆಚ್ಚಾಗಿ ಸೋಮವಾರ, ಬಿಡುವು ಇಟ್ಟುಕೊಂಡು ಶನಿವಾರ ಮತ್ತು ಭಾನುವಾರ ಎರಡೆರಡು ಆಟ ನಡೆಸುತ್ತವೆ. ಬುಧವಾರ, ಗುರುವಾರದ ಸಂಜೆಗಳಲ್ಲಿ ಒಳ್ಳೆಯ ಆಸನಗಳು ಉಳಿದಿರುವ ಸಂಭವ ಹೆಚ್ಚು, ಕಲಾವಿದರ ಮೈಯೂ ದಣಿದಿರುವುದಿಲ್ಲ. ಊರಿಗೆ ಬಂದಿಳಿದ ಮೊದಲ ದಿನವನ್ನು ಮಾತ್ರ ನಾನು ಆರಿಸುವುದಿಲ್ಲ. ಹೊಸ ಜಾಗದಲ್ಲಿ ಹಗ್ಗ, ಕಪ್ಪಿ, ದೀಪಗಳನ್ನೆಲ್ಲ ಮತ್ತೆ ಹೊಂದಿಸಿ ಪರೀಕ್ಷಿಸಿದ ದಿನವದು. ಏನಾದರೂ ಕೊರತೆಯಿದ್ದರೆ ಒಂದು ಕಸರತ್ತನ್ನು ಕೈಬಿಡುವುದು ಅಂದೇ.

ಇವೆಲ್ಲದರ ಜೊತೆಗೆ ಮುಂದೂಡುವ ಅಭ್ಯಾಸಕ್ಕೂ ಒಂದು ಮಿತಿ ಹಾಕಿಕೊಳ್ಳಬೇಕು. 2020ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕದ ಕಾರಣ ಸರ್ಕ್ ದು ಸೊಲೇ ಜಗತ್ತಿನಾದ್ಯಂತ ತನ್ನ ಪ್ರದರ್ಶನಗಳನ್ನು ನಿಲ್ಲಿಸಿದಾಗ, ‘ಅಮಾಲೂನಾ’ ಮತ್ತು ‘ವೋಲ್ಟಾ’ ಎಂಬ ಎರಡು ಡೇರೆ ಪ್ರದರ್ಶನಗಳು ವಿದಾಯದ ಸಂಜೆಯೇ ಇಲ್ಲದೆ ಮುಗಿದುಹೋದವು. ಮುಂದಿನ ಊರಿನಲ್ಲಿ ನೋಡೋಣ ಎಂದುಕೊಂಡವರಿಗೆ ಮುಂದಿನ ಊರೇ ಇರಲಿಲ್ಲ.

ಮೂರನೆಯದು: ಟಿಕೆಟ್

ಟಿಕೆಟನ್ನು ಕಂಪನಿಯ ತಾಣದಿಂದ ಅಥವಾ ಆ ತಾಣವೇ ಕೊಂಡಿ ಕೊಟ್ಟಿರುವ ಕ್ರೀಡಾಂಗಣದ ಕೌಂಟರಿನಿಂದ ಮಾತ್ರ ಕೊಳ್ಳಿರಿ. ಹುಡುಕಾಟದ ಫಲಿತಾಂಶಗಳಲ್ಲಿ ಮೊದಲು ಕಾಣುವುದು ಅನೇಕ ವೇಳೆ ಮರುಮಾರಾಟಗಾರರ ಜಾಹೀರಾತು; ಅದರ ವಿನ್ಯಾಸ ಅಧಿಕೃತ ತಾಣದಂತೆಯೇ ಇರುತ್ತದೆ, ಬೆಲೆ ಮಾತ್ರ ಬೇರೆ. ಪ್ರದರ್ಶನ ಮುಗಿಯಲಿದೆ ಎಂಬ ಸುದ್ದಿ ಹರಡಿದಾಗ ಇಂಥವರ ವ್ಯಾಪಾರ ಬಿರುಸಾಗುತ್ತದೆ. ವ್ಯಕ್ತಿಯೊಬ್ಬರಿಂದ ಕೊಳ್ಳಲೇಬೇಕಾದ ಸಂದರ್ಭ ಬಂದರೆ, ಟಿಕೆಟಿನ ಚಿತ್ರವನ್ನು ನಂಬಬೇಡಿ. ಅಧಿಕೃತ ಖಾತೆಯ ಮೂಲಕ ನಿಮ್ಮ ಹೆಸರಿಗೆ ವರ್ಗಾವಣೆಯಾದರೆ ಮಾತ್ರ ಹಣ ಕೊಡಿ. ನೀವು ಕೊಂಡ ಟಿಕೆಟಿನ ಬಾರ್‌ಕೋಡ್ ಕಾಣುವ ಚಿತ್ರವನ್ನು ಸಂಭ್ರಮದಿಂದ ಎಲ್ಲರಿಗೂ ಹಂಚುವುದೂ ಬೇಡ. ಆ ಗೆರೆಗಳನ್ನು ನಕಲು ಮಾಡಿ ನಿಮಗಿಂತ ಮೊದಲು ಒಳಗೆ ಹೋಗಲು ಬೇರೆಯವರಿಗೆ ಅಷ್ಟು ಸಾಕು.

‘ಎಲ್ಲ ಭರ್ತಿ’ ಎಂಬ ಫಲಕವನ್ನು ಕಂಡು ಕೈಚೆಲ್ಲಬಾರದು ಎಂಬುದು ಇಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿ. ಧ್ವನಿ ನಿಯಂತ್ರಣದ ಮೇಜು, ದೀಪಗಳು, ಹಗ್ಗಗಳ ಕಟ್ಟು ಎಲ್ಲಿ ಬರುತ್ತವೆಂಬುದು ಪೂರ್ತಿ ನಿಶ್ಚಯವಾಗುವವರೆಗೆ ಕೆಲವು ಆಸನಗಳನ್ನು ಮಾರಾಟಕ್ಕೆ ಬಿಡದೆ ತಡೆಹಿಡಿದಿರುತ್ತಾರೆ. ಡೇರೆ ಎದ್ದು, ಸಲಕರಣೆಗಳು ತಂತಮ್ಮ ಜಾಗಕ್ಕೆ ಬಂದ ಮೇಲೆ, ಅಡ್ಡಿಯಿಲ್ಲವೆಂದು ಕಂಡ ಆಸನಗಳನ್ನು ಬಿಡುಗಡೆ ಮಾಡುತ್ತಾರೆ. ಅತಿಥಿಗಳಿಗೆಂದು ಕಾದಿರಿಸಿದವುಗಳಲ್ಲಿ ಉಳಿದದ್ದೂ ಕೊನೆಯ ಗಳಿಗೆಯಲ್ಲಿ ಹೊರಬರುತ್ತದೆ. ಆದ್ದರಿಂದ ತಂಡ ಊರಿಗೆ ಬಂದ ದಿನ ಮತ್ತು ನೀವು ಹೋಗಬೇಕೆಂದಿರುವ ದಿನದ ಬೆಳಿಗ್ಗೆ, ಈ ಎರಡು ಹೊತ್ತು ಮತ್ತೆ ನೋಡಿರಿ. ಒಬ್ಬರೇ ಹೋಗುವವರಾದರೆ ಅದೃಷ್ಟ ಇನ್ನೂ ಹೆಚ್ಚು. ಜೋಡಿಗಳು ಬಿಟ್ಟುಹೋದ ಒಂಟಿ ಆಸನವೊಂದು ನಡುಸಾಲಿನಲ್ಲಿ ಉಳಿದೇ ಇರುತ್ತದೆ.

ನಾಲ್ಕನೆಯದು: ಎಲ್ಲಿ ಕೂರಬೇಕು?

ಇದಕ್ಕೆ ಕೊಂಚ ಹೆಚ್ಚು ಯೋಚನೆ ಬೇಕು, ಏಕೆಂದರೆ ಸರ್ಕಸ್ಸಿನ ಆಸನಕ್ಕೆ ನಾಟಕದ ಅಥವಾ ಸಂಗೀತ ಕಚೇರಿಯ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಮುಂದೆ ಕೂತಷ್ಟೂ ಒಳ್ಳೆಯದು, ಇಲ್ಲಿ ಹಾಗಲ್ಲ.

ಫಿಲಿಪ್ ಆಸ್ಟ್ಲಿ ಎಂಬ ಅಶ್ವಾರೋಹಿ 1768ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಪ್ರದರ್ಶನಗಳಿಂದ ಆಧುನಿಕ ಸರ್ಕಸ್ಸು ಬೆಳೆಯಿತು. ಓಡುವ ಕುದುರೆಯ ಬೆನ್ನ ಮೇಲೆ ನಿಲ್ಲುವವನಿಗೆ ಹೊರಕ್ಕೆ ಎಳೆಯುವ ಬಲವೇ ಆಸರೆಯಾಗುವಂತೆ ಕಣವನ್ನು ವೃತ್ತಾಕಾರಕ್ಕೆ ತಂದು, ಮುಂದೆ 42 ಅಡಿ, ಎಂದರೆ ಸುಮಾರು 13 ಮೀಟರ್ ವ್ಯಾಸವೇ ಎಲ್ಲೆಡೆ ರೂಢಿಯಾಯಿತು. ಕಣ ಇಷ್ಟು ಚಿಕ್ಕದಾದ್ದರಿಂದ ಡೇರೆಯಲ್ಲಿ ಯಾವ ಆಸನವೂ ತೀರ ದೂರವೆನಿಸುವುದಿಲ್ಲ. ಆದರೆ ಆಸ್ಟ್ಲಿಯ ಕಾಲದ ಸರ್ಕಸ್ಸು ನೆಲದ ಮೇಲಿತ್ತು, ಇಂದಿನದರಲ್ಲಿ ಅರ್ಧ ಭಾಗ ತಲೆಯ ಮೇಲಿದೆ. ಮೊದಲ ಮೂರು ನಾಲ್ಕು ಸಾಲುಗಳಲ್ಲಿ ಕೂತವರು ಬಟ್ಟೆಯ ಪಟ್ಟಿ ಹಿಡಿದು ಏರುವವರನ್ನೂ ಜೋಕಾಲಿಯಲ್ಲಿ ಹಾರುವವರನ್ನೂ ಕತ್ತು ಹಿಂದಕ್ಕೆ ಬಾಗಿಸಿ, ಪಾದಗಳ ಕೆಳಗಿನಿಂದ ನೋಡಬೇಕಾಗುತ್ತದೆ. ಅಷ್ಟು ಮುಂದೆ ಕೂತವರನ್ನು ವಿದೂಷಕನು ಕಣಕ್ಕೆ ಎಳೆದೊಯ್ಯುವ ಸಂಭವವೂ ಉಂಟು. ಅದನ್ನು ಇಷ್ಟಪಡುವವರು ಮಾತ್ರ ಅಲ್ಲಿ ಕೂರಲಿ. ಗ್ಯಾಲರಿಯ ಎತ್ತರದ ಮಧ್ಯಭಾಗಕ್ಕಿಂತ ಒಂದೆರಡು ಸಾಲು ಕೆಳಗೆ ಕೂತರೆ ನೆಲವೂ ಮಾಡೂ ಒಂದೇ ನೋಟಕ್ಕೆ ಸಿಗುತ್ತವೆ.

ಎತ್ತರದಷ್ಟೇ ಮುಖ್ಯವಾದದ್ದು ದಿಕ್ಕು. ಜೋಕಾಲಿಯ ಹಾರಾಟವನ್ನು ಫ್ರಾನ್ಸಿನ ಜೂಲ್ ಲಿಯೊಟಾರ್ಡ್ 1859ರ ನವೆಂಬರ್ 12ರಂದು ಪ್ಯಾರಿಸ್ಸಿನಲ್ಲಿ ಮೊದಲು ತೋರಿಸಿದಾಗಿನಿಂದ ಇಂದಿನವರೆಗೂ ಅದರ ಸೊಗಸೆಲ್ಲ ಇರುವುದು ಒಂದು ಕೋಲನ್ನು ಬಿಟ್ಟು ಇನ್ನೊಂದನ್ನು ಹಿಡಿಯುವವರೆಗಿನ ಅಂತರದಲ್ಲಿ. ಹಾರಾಟದ ಸಾಲಿಗೆ ಎದುರಾಗಿ ಕೂತವರಿಗೆ ದೇಹ ಏರಿ ಇಳಿದದ್ದು ಮಾತ್ರ ಕಾಣುತ್ತದೆ, ಆ ಅಂತರ ಕಾಣುವುದಿಲ್ಲ. ಪಕ್ಕದಿಂದ ನೋಡುವವರಿಗೆ ಬಿಟ್ಟ ಕೈ, ಮಡಿಸಿದ ಮೈ, ಚಾಚಿದ ಇನ್ನೊಬ್ಬರ ಕೈ, ಮೂರೂ ಒಂದೇ ಗೆರೆಯಲ್ಲಿ ಕಾಣುತ್ತವೆ. 1982ರ ಜುಲೈ 10ರಂದು ಅಮೆರಿಕದ ಟೂಸಾನ್‌ನಲ್ಲಿ ಮಿಗೆಲ್ ವಾಸ್ಕೆಸ್ ಗಾಳಿಯಲ್ಲಿ ನಾಲ್ಕು ಲಾಗ ಹಾಕಿ ಸೋದರನ ಕೈ ಸೇರಿದ್ದನ್ನು ಪ್ರೇಕ್ಷಕರ ಮುಂದಿನ ಮೊದಲ ಯಶಸ್ಸೆಂದು ದಾಖಲಿಸಲಾಗಿದೆ. ಅಂಥದ್ದನ್ನು ಎದುರಿನಿಂದ ನೋಡಿದವರಿಗೆ ಲಾಗಗಳನ್ನು ಎಣಿಸುವುದೇ ಕಷ್ಟ. ಒಬ್ಬರು ಒಂದು ತುದಿಗೆ ಧುಮುಕಿ ಇನ್ನೊಂದು ತುದಿಯಲ್ಲಿರುವವರನ್ನು ಮೇಲಕ್ಕೆ ಚಿಮ್ಮಿಸುವ ಏತದ ಹಲಗೆಯ ಕಸರತ್ತಿಗೂ ಪಕ್ಕದ ನೋಟವೇ ಮೇಲು. ಇನ್ನು ಕೈಯ ಮೇಲೆ ಕೈಯೂರಿ ನಿಲ್ಲುವ, ಮೈ ಬಾಗಿಸುವ ಕಸರತ್ತುಗಳಿಗೆ ನೇರ ಎದುರಿನ ನೋಟ ಒಳ್ಳೆಯದು. ಎರಡನ್ನೂ ಕೂಡಿಸಿ ಹೇಳುವುದಾದರೆ, ವೇದಿಕೆಯ ನೇರ ಎದುರಿನಿಂದ ಸ್ವಲ್ಪ ಓರೆಗೆ ಸರಿದ ವಿಭಾಗವು ಹೆಚ್ಚಿನ ಪ್ರದರ್ಶನಗಳಿಗೆ ಹೊಂದುತ್ತದೆ.

ಡೇರೆಯಲ್ಲಿ ಕಂಬಗಳಿರುತ್ತವೆ ಎಂಬುದನ್ನು ನಾನು ಹಣ ತೆತ್ತು ಕಲಿತೆ. ಮರುಮಾರಾಟಗಾರರೊಬ್ಬರಿಂದ ಕೊಂಡ ಟಿಕೆಟಿನಲ್ಲಿ ‘ನೋಟಕ್ಕೆ ಭಾಗಶಃ ಅಡ್ಡಿ’ ಎಂಬ ಸಾಲೇ ಇರಲಿಲ್ಲ. ಹೋಗಿ ಕೂತರೆ ಕಬ್ಬಿಣದ ಕಂಬವೊಂದು ಕಣದ ಎಡಗಡೆಯ ಮೂರನೇ ಒಂದು ಪಾಲನ್ನು ನುಂಗಿತ್ತು. ಬಳೆಯಂಥ ದೊಡ್ಡ ಉಂಗುರದಲ್ಲಿ ತೂಗುತ್ತ ಸುತ್ತುತ್ತಿದ್ದ ಕಲಾವಿದೆ ಪ್ರತಿ ಸುತ್ತಿಗೂ ಆ ಕಂಬದ ಹಿಂದೆ ಮಾಯವಾಗಿ, ಎರಡು ಕ್ಷಣದ ನಂತರ ಈಚೆ ಬರುವಾಗ ಬೇರೆಯದೇ ಭಂಗಿಯಲ್ಲಿರುತ್ತಿದ್ದಳು. ಒಂದು ಭಂಗಿಯಿಂದ ಇನ್ನೊಂದಕ್ಕೆ ಹೇಗೆ ಬಂದಳೆಂಬುದು, ಎಂದರೆ ಕಸರತ್ತಿನ ತಿರುಳು, ಕೊನೆಯವರೆಗೂ ನನಗೆ ಕಾಣಲಿಲ್ಲ. ಆಸನಗಳ ನಕ್ಷೆಯಲ್ಲಿ ಕಂಬಗಳ ಗುರುತು ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಕೌಂಟರಿಗೆ ಕರೆ ಮಾಡಿ ವಿಭಾಗ ಮತ್ತು ಸಾಲಿನ ಸಂಖ್ಯೆ ಹೇಳಿ ಕೇಳಿರಿ. ಕಂಬದ ಹಿಂದಿನ ಆಸನ ಅಗ್ಗವಾಗಿಯೇ ಸಿಗುತ್ತದೆ, ಆದರೆ ಇನ್ನೊಮ್ಮೆ ಬಾರದ ಪ್ರದರ್ಶನಕ್ಕೆ ಆ ಉಳಿತಾಯ ಮಾಡಬೇಡಿ.

ಕ್ರೀಡಾಂಗಣದಲ್ಲಿ ಕಂಬಗಳ ಕಾಟವಿಲ್ಲ. ಅಲ್ಲಿ ವೇದಿಕೆಯನ್ನು ಸಾಮಾನ್ಯವಾಗಿ ಒಂದು ತುದಿಗೆ ಕಟ್ಟುತ್ತಾರೆ, ಆದ್ದರಿಂದ ಎದುರು ತುದಿಯ ಮೇಲ್ಗ್ಯಾಲರಿ ನಿಜಕ್ಕೂ ದೂರ. ‘ಕೊರ್ಟೆಯೊ’ದಂತೆ ವೇದಿಕೆ ನಟ್ಟನಡುವೆ ಹಾದು ಪ್ರೇಕ್ಷಕರನ್ನು ಎರಡು ಪಾಲು ಮಾಡುವ ಪ್ರದರ್ಶನಗಳೂ ಇವೆ. ನಕ್ಷೆಯನ್ನು ನೋಡದೆ ಕೊಳ್ಳಬಾರದೆನ್ನಲು ಇದೇ ಕಾರಣ.

ಗಾಲಿಕುರ್ಚಿ ಬಳಸುವವರು, ಮೆಟ್ಟಿಲು ಹತ್ತಲಾಗದವರು ಜೊತೆಗಿದ್ದರೆ ತಾಣದ ಮೂಲಕ ಕೊಳ್ಳುವ ಬದಲು ಕೌಂಟರಿನವರೊಂದಿಗೆ ಮಾತನಾಡುವುದು ಲೇಸು. ಅಂಥ ಜಾಗಗಳು ಎಣಿಕೆಯಷ್ಟೇ ಇರುತ್ತವೆ. ಡೇರೆಯ ಗ್ಯಾಲರಿಯ ಮೆಟ್ಟಿಲುಗಳು ತಾತ್ಕಾಲಿಕವಾಗಿ ಜೋಡಿಸಿದವಾದ್ದರಿಂದ ಕಡಿದಾಗಿರುತ್ತವೆ, ಕೆಲವೆಡೆ ಹಿಡಿಕೆಯೂ ಇರುವುದಿಲ್ಲ.

ಐದನೆಯದು: ಆ ದಿನ

ಬೇರೆ ಊರಿಗೆ ಹೋಗುವವರು ರದ್ದು ಮಾಡಬಹುದಾದ ವಸತಿಯನ್ನೇ ಕಾದಿರಿಸಿಕೊಂಡು, ಪ್ರದರ್ಶನದ ಹಿಂದಿನ ದಿನವೇ ತಲುಪುವುದು ಕ್ಷೇಮ. ಡೇರೆಯು ತಡೆಯಬಲ್ಲ ಗಾಳಿಗೆ ಒಂದು ಮಿತಿಯಿದೆ. ಅದು ಮೀರಿದರೆ ಆಟವನ್ನು ತಡವಾಗಿ ಆರಂಭಿಸುತ್ತಾರೆ, ಇಲ್ಲವೇ ರದ್ದು ಮಾಡುತ್ತಾರೆ. ಟಿಕೆಟ್ ಕೊಳ್ಳುವಾಗ ಕೊಟ್ಟ ಮಿಂಚಂಚೆಗೆ ಸೂಚನೆ ಬರುವುದರಿಂದ ಹೊರಡುವ ಮೊದಲು ಅದನ್ನು ನೋಡಿಕೊಳ್ಳಿ.

ಆಟದ ಹೊತ್ತಿಗಿಂತ ಮುಕ್ಕಾಲು ಗಂಟೆ ಮುಂಚಿತವಾಗಿ ಅಲ್ಲಿರಬೇಕು. ಭದ್ರತಾ ತಪಾಸಣೆ, ಸಾಲು, ಶೌಚಾಲಯ ಇವುಗಳಿಗೆ ಅರ್ಧ ಗಂಟೆ ಹೋಗುತ್ತದೆ. ಉಳಿದ ಕಾಲು ಗಂಟೆ ವ್ಯರ್ಥವಲ್ಲ. ಅನೇಕ ಪ್ರದರ್ಶನಗಳು ಮುದ್ರಿತ ಸಮಯಕ್ಕಿಂತ ಮೊದಲೇ, ಸದ್ದಿಲ್ಲದೆ, ಪ್ರೇಕ್ಷಕರ ನಡುವೆ ಶುರುವಾಗುತ್ತವೆ. ಆಸನ ತೋರಿಸುವವನಂತೆ ನಟಿಸುವ ವಿದೂಷಕ ಯಾರನ್ನೋ ತಪ್ಪು ಸಾಲಿಗೆ ಕಳಿಸಿ, ಮತ್ತೆ ಕರೆದು, ಪಾಪ್‌ಕಾರ್ನ್ ಪೊಟ್ಟಣವನ್ನು ತಲೆಯ ಮೇಲೆ ಸುರಿದುಕೊಂಡು ಕಾಡುತ್ತಿರುತ್ತಾನೆ. ತಡವಾಗಿ ಬಂದವರನ್ನು ಕಸರತ್ತು ನಡೆಯುವಾಗ ಒಳಗೆ ಬಿಡುವುದಿಲ್ಲ, ಏಕೆಂದರೆ ಗ್ಯಾಲರಿಯ ನಡುದಾರಿಗಳಲ್ಲಿ ಕಲಾವಿದರೂ ಓಡಾಡುತ್ತಾರೆ.

ಒಳಗೆ ಕೃತಕ ಮಂಜು, ಮಿನುಗುವ ತೀವ್ರ ಬೆಳಕು, ಗಟ್ಟಿ ಸದ್ದು ಇರುತ್ತವೆ. ಮಿನುಗು ಬೆಳಕಿನಿಂದ ಮೂರ್ಛೆ ಬರುವವರು ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಬೇಕು, ಸಣ್ಣ ಮಕ್ಕಳಿಗೆ ಕಿವಿ ಮುಚ್ಚುವ ಸಾಧನ ಒಯ್ಯಬೇಕು. ಮೇಲುಹೊದಿಕೆಯೊಂದು ಇರಲಿ, ಹವಾನಿಯಂತ್ರಿತ ಡೇರೆಗಳು ಚಳಿ ಹಿಡಿಸುತ್ತವೆ. ಫೋನಿನ ವಿಷಯದಲ್ಲಿ ಆರಂಭದ ಪ್ರಕಟಣೆ ಹೇಳಿದಂತೆ ನಡೆದುಕೊಳ್ಳಿ. ಕೆಲವೆಡೆ ಚಿತ್ರ ತೆಗೆಯಲು ಅನುಮತಿಯಿದೆ, ಕೆಲವೆಡೆ ಇಲ್ಲ. ಫ್ಲ್ಯಾಶ್ ಬೆಳಕು ಮಾತ್ರ ಎಲ್ಲಿಯೂ ಸಲ್ಲದು. ಗಾಳಿಯಲ್ಲಿ ತಿರುಗಿ ಬರುತ್ತ ಇನ್ನೊಬ್ಬರ ಕೈಯನ್ನು ಕಣ್ಣಿಂದ ಹುಡುಕುತ್ತಿರುವವರಿಗೆ ಆ ಒಂದು ಮಿಂಚು ಸಾಕು, ಕೈ ತಪ್ಪಲು.

ಆರನೆಯದು: ಏನನ್ನು ನೋಡಬೇಕು?

ಹಳೆಯ ಪ್ರದರ್ಶನದಲ್ಲಿ ಕಲಾವಿದರು ಬದಲಾಗಿರುತ್ತಾರೆ. ಇಪ್ಪತ್ತು ವರ್ಷ ನಡೆದ ಪ್ರದರ್ಶನದ ಕೊನೆಯ ತಂಡದಲ್ಲಿ ಅದು ಶುರುವಾದಾಗ ಇನ್ನೂ ತೊಟ್ಟಿಲಲ್ಲಿದ್ದವರೂ ಇರಬಹುದು. ಕಸರತ್ತುಗಳೂ ಅಷ್ಟೆ: ಒಂದಕ್ಕೆ ತಕ್ಕವರು ಸಿಗದಿದ್ದರೆ ಇನ್ನೊಂದನ್ನು ತಂದು ಕೂಡಿಸಿರುತ್ತಾರೆ, ಗಾಯವಾದ ದಿನ ಬದಲಿ ಕಸರತ್ತು ಬರುತ್ತದೆ. ‘ನಾನು ಕೇಳಿದ್ದ ಆ ಕಸರತ್ತು ಇರಲಿಲ್ಲ’ ಎಂದು ಕೊರಗುವ ಬದಲು, ವರ್ಷಗಳ ಕಾಲ ತಿಕ್ಕಿ ನಯವಾದ ಭಾಗಗಳ ಕಡೆಗೆ ಗಮನ ಕೊಡುವುದು ಲಾಭದಾಯಕ.

ಅಂಥ ಭಾಗಗಳಲ್ಲಿ ಮೊದಲನೆಯದು ಒಂದು ಕಸರತ್ತಿನಿಂದ ಇನ್ನೊಂದಕ್ಕೆ ದಾಟುವ ಬಗೆ. ವಿದೂಷಕನು ಕಣದ ಅಂಚಿನಲ್ಲಿ ನಿಮ್ಮನ್ನು ನಗಿಸುತ್ತಿರುವಾಗ ಒಮ್ಮೆ ಕಣ್ಣನ್ನು ಅವನಿಂದ ಕಿತ್ತು ಕತ್ತಲಿರುವ ಕಡೆ ಹಾಯಿಸಿರಿ. ಅಲ್ಲಿ ಬಲೆ ಬಿಗಿಯುತ್ತಿರುತ್ತಾರೆ, ಹಲಗೆ ಸರಿಸುತ್ತಿರುತ್ತಾರೆ, ಒಬ್ಬರು ಕೈ ಎತ್ತಿ ಮೇಲಿರುವವರಿಗೆ ಸನ್ನೆ ಮಾಡುತ್ತಿರುತ್ತಾರೆ. ಎಷ್ಟೋ ಪ್ರಹಸನಗಳು ಇಂಥ ಜೋಡಣೆಗೆ ಬೇಕಾದ ಹೊತ್ತನ್ನು ತುಂಬಲೆಂದೇ ಹುಟ್ಟಿದವು. ಬಲೆಯ ಕೊನೆಯ ಗಂಟು ಬಿದ್ದ ಕ್ಷಣಕ್ಕೂ ವಿದೂಷಕನ ಕೊನೆಯ ಪಲ್ಟಿಗೂ ಎಷ್ಟು ಅಂತರವಿತ್ತೆಂದು ನೋಡಿರಿ. ಹಳೆಯ ಪ್ರದರ್ಶನದಲ್ಲಿ ಅಂತರವೇ ಇರುವುದಿಲ್ಲ.

ಬಟ್ಟೆಯ ಪಟ್ಟಿಗಳಲ್ಲಿ ಸುತ್ತಿಕೊಂಡು ಮೇಲೇರಿದವರು ದಿಢೀರನೆ ಉರುಳಿ ನೆಲಕ್ಕೆ ಮಾರುದ್ದ ಇರುವಾಗ ನಿಲ್ಲುವುದನ್ನು ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಾರೆ. ಆದರೆ ಅದು ತೀರ್ಮಾನವಾಗುವುದು ಉರುಳುವ ಮೊದಲು. ಸೊಂಟ ಮತ್ತು ತೊಡೆಯ ಸುತ್ತ ಪಟ್ಟಿಯನ್ನು ಎಷ್ಟು ಬಾರಿ, ಯಾವ ಕ್ರಮದಲ್ಲಿ ಸುತ್ತಿಕೊಂಡರೋ ಅಷ್ಟೇ ಸುತ್ತು ಬಿಚ್ಚಿ ದೇಹ ನಿಲ್ಲುತ್ತದೆ. ಸುತ್ತಿಕೊಳ್ಳುವಾಗ ಸಂಗೀತ ಮೆಲ್ಲಗಿರುತ್ತದೆ, ಬೆಳಕು ಮುಖದ ಮೇಲಿರುತ್ತದೆ. ನೀವು ಆಗ ಕೈಗಳನ್ನು ನೋಡಿರಿ.

ಮೂರನೆಯದು ವಾದ್ಯಗಾರರು. ಸಂಗೀತವನ್ನು ಅಲ್ಲಿಯೇ ನುಡಿಸುವ ಪ್ರದರ್ಶನವಾದರೆ ಅವರು ಎಲ್ಲಿದ್ದಾರೆಂದು ಆರಂಭದಲ್ಲೇ ಪತ್ತೆ ಮಾಡಿಕೊಳ್ಳಿ. ಒಂದು ಹಳೆಯ ಪ್ರದರ್ಶನದ ಕೊನೆಯ ತಿಂಗಳುಗಳಲ್ಲಿ ನಾನು ಕಂಡದ್ದು: ಮೂವರು ಒಬ್ಬರ ಹೆಗಲ ಮೇಲೊಬ್ಬರು ನಿಂತಿದ್ದರು, ನಾಲ್ಕನೆಯ ಹುಡುಗಿ ನೆಲದಿಂದ ಚಿಮ್ಮಿ ತುದಿಗೆ ಏರಬೇಕಿತ್ತು. ಅವಳ ಬಲಗಾಲು ಹೆಗಲಿನ ಅಂಚಿಗೆ ತಗುಲಿ ಜಾರಿತು. ಕೆಳಗೆ ಸುತ್ತ ನಿಂತಿದ್ದವರು ಅವಳನ್ನು ಅಂಗೈಗಳಲ್ಲಿ ಇಳಿಸಿಕೊಂಡರು. ತುದಿಯೇರಿದ ಮೇಲೆ ಮೊಳಗಬೇಕಿದ್ದ ತುತ್ತೂರಿ ಮೊಳಗಲಿಲ್ಲ. ಡ್ರಮ್ಮಿನವನು ಕಣದ ಮೇಲಿಟ್ಟ ಕಣ್ಣು ತೆಗೆಯದೆ ಅದೇ ನಾಲ್ಕು ಪೆಟ್ಟಿನ ಆವರ್ತವನ್ನು ಮತ್ತೆ ಮತ್ತೆ ಸುತ್ತತೊಡಗಿದ. ತಳದಲ್ಲಿದ್ದವನು ಅಂಗೈಗೆ ಬಿಳಿಪುಡಿ ಉಜ್ಜಿಕೊಂಡು ತಲೆಯಾಡಿಸುವವರೆಗೆ ಹತ್ತು ಹನ್ನೆರಡು ಆವರ್ತಗಳಾಗಿರಬೇಕು. ಎರಡನೆಯ ಯತ್ನದಲ್ಲಿ ಅವಳ ಎರಡೂ ಪಾದ ಹೆಗಲಿಗೆ ತಾಗಿದ ಕ್ಷಣಕ್ಕೇ ತುತ್ತೂರಿ ಎದ್ದಿತು. ನನ್ನ ಪಕ್ಕದಲ್ಲಿದ್ದವರಿಗೆ ಆವರ್ತ ಮರುಕಳಿಸಿದ್ದೇ ತಿಳಿದಿರಲಿಲ್ಲ. ಹಾಡು ಸ್ವಲ್ಪ ಉದ್ದವೆಂದುಕೊಂಡಿದ್ದರು. ಮೊದಲೇ ಮುದ್ರಿಸಿದ ಸಂಗೀತಕ್ಕೆ ಈ ಕಾಯುವ ಗುಣ ಇರುವುದಿಲ್ಲ.

ಕಸರತ್ತು ತಪ್ಪಿದಾಗ ಅಯ್ಯೋ ಎನ್ನದೆ ಚಪ್ಪಾಳೆ ತಟ್ಟಿರಿ. ಎರಡನೆಯ ಯತ್ನಕ್ಕೆ ನಿಲ್ಲುವವರಿಗೆ ಅದು ಕೇಳಿಸುತ್ತದೆ.

ಅನುಕೂಲವಿದ್ದರೆ ಎರಡು ಬಾರಿ ನೋಡುವುದು ಎಲ್ಲಕ್ಕಿಂತ ಉತ್ತಮ: ಮೊದಲ ಸಲ ಮಧ್ಯದ ಸಾಲಿನಲ್ಲಿ ಕೂತು ಇಡೀ ಪ್ರದರ್ಶನಕ್ಕಾಗಿ, ಎರಡನೆಯ ಸಲ ಅಗ್ಗದ ಮೇಲ್ಸಾಲಿನಲ್ಲಿ ಕೂತು ಹಗ್ಗ, ಕಪ್ಪಿ, ಸನ್ನೆ ಮತ್ತು ಕತ್ತಲಲ್ಲಿ ಓಡಾಡುವವರಿಗಾಗಿ. ಕೊನೆಯ ರಾತ್ರಿಗೆ ಹೋಗುವ ಆಸೆ ಇನ್ನೂ ಇದ್ದರೆ ಆ ಎರಡನೆಯ ಸಲವನ್ನು ಅದಕ್ಕೆ ಮೀಸಲಿಡಬಹುದು. ಅಷ್ಟರಲ್ಲಿ ನೀವು ಪರಿಚಯದವರಾಗಿರುತ್ತೀರಿ.

ಏಳನೆಯದು: ನೋಡಿ ಬಂದ ಮೇಲೆ

ಕಾರ್ಯಕ್ರಮದ ಪುಸ್ತಿಕೆ ಬೇಕಿದ್ದರೆ ಆಟಕ್ಕೆ ಮೊದಲೇ ಕೊಳ್ಳಿರಿ. ಮುಕ್ತಾಯದ ಸಮೀಪ ಇವುಗಳನ್ನು ಮತ್ತೆ ಅಚ್ಚು ಹಾಕಿಸುವುದಿಲ್ಲ, ವಿರಾಮದ ಹೊತ್ತಿಗೆ ಮುಗಿದಿರುತ್ತವೆ.

ಹಳೆಯ ಪ್ರದರ್ಶನಗಳಲ್ಲಿ ಕೆಲವಕ್ಕೆ ಅಧಿಕೃತ ಚಿತ್ರೀಕರಣಗಳಿವೆ. ‘ಕ್ವಿಡಾಮ್’ ಅನ್ನು 1999ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಚಿತ್ರೀಕರಿಸಲಾಯಿತು. ಇವನ್ನು ಹೋಗುವ ಮೊದಲು ನೋಡುವ ಅಭ್ಯಾಸ ಹಲವರಿಗಿದೆ, ಅದು ನನಗೆ ಸರಿಬರುವುದಿಲ್ಲ. ಎಲ್ಲಿ ನೋಡಬೇಕೆಂಬುದನ್ನು ಕ್ಯಾಮೆರಾ ನಿರ್ಧರಿಸುತ್ತದೆ, ಆಮೇಲೆ ಡೇರೆಯಲ್ಲಿ ಕೂತಾಗಲೂ ಕಣ್ಣು ಅದೇ ಜಾಗಗಳಿಗೆ ಓಡುತ್ತದೆ. ನೋಡಿ ಬಂದ ಒಂದೆರಡು ದಿನದೊಳಗೆ, ನೆನಪು ಹಸಿಯಾಗಿರುವಾಗ, ಕಂಡದ್ದನ್ನು ಕ್ರಮವಾಗಿ ಬರೆದಿಟ್ಟುಕೊಂಡು, ಆಮೇಲೆ ಚಿತ್ರೀಕರಣವನ್ನು ಹಚ್ಚಿರಿ. ಯಾವ ಕಸರತ್ತು ಬಿಟ್ಟುಹೋಗಿದೆ, ಯಾವುದು ಹೊಸದಾಗಿ ಸೇರಿದೆ, ಯಾವ ಹಾಡು ಚಿಕ್ಕದಾಗಿದೆ ಎಂಬುದು ಒಂದೊಂದಾಗಿ ತಿಳಿಯುತ್ತ ಹೋಗುತ್ತದೆ. ನೀವು ಬರೆದಿಟ್ಟ ಹಾಳೆಯಲ್ಲಿ ಚಿತ್ರೀಕರಣದಲ್ಲಿ ಎಲ್ಲಿಯೂ ಸಿಗದ ಒಂದೆರಡು ಸಾಲುಗಳೂ ಉಳಿದಿರುತ್ತವೆ.